ದಿನಕ್ಕೆ ನಾಲ್ಕು ಕೋಟೆ: ಲೆಕ್ಕ ಎಲ್ಲಿ ತಪ್ಪುತ್ತದೆ?

ಸಂಪಾದಕರಿಗೆ,

ಮಾನ್ಯರೇ,

ನಮಗೇ ಅಂತ ಒಂದು ಗಾಡಿ, ಜೊತೆಗೊಬ್ಬ ಗೈಡ್, ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್, ನಡುವೆ ಮಧ್ಯಯುಗದ ಮೂರೋ ನಾಲ್ಕೋ ಕೋಟೆ. ಪ್ರವಾಸದ ಪುಟಗಳಲ್ಲಿ ಇಂಥ ಒಂದು ದಿನದ ಯೋಜನೆಗಳು ಆಗಾಗ ಬರುತ್ತಿರುತ್ತವೆ. ದೇಶ ಯಾವುದೇ ಇರಲಿ, ಧಾಟಿ ಒಂದೇ. ಕಾಗದದ ಮೇಲೆ ಚೆಂದ ಕಾಣುವ ಈ ಯೋಜನೆ ಜಾಗಕ್ಕೆ ಹೋದಮೇಲೆ ಏಕೆ ಕೈಕೊಡುತ್ತದೆ, ಗೈಡ್ ಜೊತೆ ಕೋಟೆ ನೋಡಲು ಹೊರಟವರು ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂದು ತಿಳಿಸಲು ಈ ಪತ್ರ.

ಮೊದಲು ಗಂಟೆಗಳ ಲೆಕ್ಕ. ದಿನಕ್ಕೆ ಹತ್ತು ಗಂಟೆ ಎಂದಿಟ್ಟುಕೊಳ್ಳಿ. ನಾಲ್ಕು ಕೋಟೆ ಎಂದರೆ ಹೋಗುವುದು, ಬರುವುದು ಸೇರಿ ಐದು ಸಲ ಪಯಣ. ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಸುಮಾರು ನಾಲ್ಕು ಗಂಟೆ ಗಾಡಿಯೊಳಗೇ ಮುಗಿಯಿತು. ಊಟಕ್ಕೆ ಒಂದು ಗಂಟೆ. ಗಾಡಿ ನಿಲ್ಲಿಸುವುದು, ಟಿಕೆಟ್, ಶೌಚಾಲಯ, ನಿಲ್ದಾಣದಿಂದ ಬಾಗಿಲವರೆಗಿನ ನಡಿಗೆ, ಇವಕ್ಕೆ ಪ್ರತಿ ಕಡೆ ಅರ್ಧ ಗಂಟೆ. ಉಳಿಯುವುದು ಮೂರೂಕಾಲು ಗಂಟೆ, ಅಂದರೆ ಕೋಟೆಯೊಂದಕ್ಕೆ ಐವತ್ತು ನಿಮಿಷಕ್ಕಿಂತ ಕಡಿಮೆ. ಫ್ರಾನ್ಸಿನ ಕಾರ್ಕಸೋನ್‌ನ ಒಳ ಹೊರ ಗೋಡೆಗಳೆರಡೂ ಸೇರಿ ಸುಮಾರು 3 ಕಿಲೋಮೀಟರ್ ಉದ್ದ, ಗೋಪುರಗಳು 52. ಐವತ್ತು ನಿಮಿಷದಲ್ಲಿ ಅಲ್ಲಿ ಏನು ನೋಡಲಾದೀತು? ಹೆಬ್ಬಾಗಿಲ ಮುಂದೆ ಒಂದು ಫೋಟೊ, ಒಳಬೀದಿಯಲ್ಲಿ ಒಂದು ಸುತ್ತು, ಅಷ್ಟೇ. ಅದೇ ಎರಡು ಕೋಟೆಗೆ ಇಳಿಸಿಕೊಂಡರೆ ಮೂರೇ ಪಯಣ. ಒಂದೊಂದಕ್ಕೆ ಎರಡು ಗಂಟೆಗಿಂತ ಹೆಚ್ಚು ಸಮಯ ನಿರಾಳವಾಗಿ ಸಿಗುತ್ತದೆ. ಎರಡಕ್ಕಿಂತ ಹೆಚ್ಚು ಬೇಡವೆನ್ನುವುದಕ್ಕೆ ಇಷ್ಟೇ ಕಾರಣ.

ಆ ಎರಡನ್ನು ಆರಿಸುವಾಗ ಒಂದೇ ಜಾತಿಯವನ್ನು ಹಿಡಿಯಬೇಡಿ. ಬೆಟ್ಟದ ಮೇಲಿನದೊಂದು, ಬಯಲಿನದೊಂದು ಇದ್ದರೆ ಒಂದರಿಂದ ಇನ್ನೊಂದು ಅರ್ಥವಾಗುತ್ತದೆ. ಬೆಟ್ಟದಲ್ಲಿ ಬಂಡೆಯೇ ಗೋಡೆಯ ಕೆಲಸ ಮಾಡಿರುತ್ತದೆ. ಬಯಲಿನಲ್ಲಿ ಅದೇ ಕೆಲಸಕ್ಕೆ ಕಂದಕ ತೋಡಬೇಕು, ಗೋಡೆಗೆ ಹೊರಗೋಡೆ ಸೇರಿಸಬೇಕು. ಬೆಟ್ಟದ್ದನ್ನು ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನ ಊಟವಾದ ಮೇಲೆ ಏರುಮೆಟ್ಟಿಲು ಹತ್ತಿಸುವ ಗೈಡ್, ಗಾಡಿಯ ದಾರಿ ನೋಡಿ ಯೋಜನೆ ಹಾಕಿದ್ದಾನೆಯೇ ಹೊರತು ಜನರ ಕಾಲು ನೋಡಿ ಅಲ್ಲ.

ಇನ್ನು ನೋಡುವ ಕ್ರಮ. ಬಹುತೇಕ ಗೈಡ್‌ಗಳು ಟಿಕೆಟ್ ಕೊಂಡ ಕೂಡಲೇ ಒಳಗೆ ಕರೆದೊಯ್ದು ಅರಮನೆ, ದರ್ಬಾರು, ರಾಣಿವಾಸ ಎಂದು ಶುರು ಮಾಡುತ್ತಾರೆ. ಕೋಟೆ ಕಟ್ಟಿದ್ದು ಹೊರಗಿನಿಂದ ಬರುವವನಿಗಾಗಿ. ಅವನು ಬಂದ ದಿಕ್ಕಿನಿಂದಲೇ ನೋಡಲು ತೊಡಗಿದರೆ ಗೋಡೆ ಇಲ್ಲಿ ಏಕೆ ದಪ್ಪ, ಅಲ್ಲಿ ಏಕೆ ತೆಳು, ಬಾಗಿಲು ಈ ಮೂಲೆಯಲ್ಲೇ ಏಕೆ ಎಂಬುದಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಆದ್ದರಿಂದ ಗೈಡ್‌ಗೆ ಹಿಂದಿನ ದಿನವೇ ಹೇಳಿಡಿ: ಮೊದಲ ಅರ್ಧ ಗಂಟೆ ಗೋಡೆಯ ಹೊರಗೆ, ಅದೂ ದಾಳಿಗೆ ಸುಲಭವಾಗಿದ್ದ ಬದಿಯಲ್ಲಿ.

ಆ ಬದಿಯನ್ನು ಕಂಡುಹಿಡಿಯುವುದು ಕಷ್ಟವಲ್ಲ. ಮೂರು ಕಡೆ ಕಡಿದಾದ ಇಳಿಜಾರಿದ್ದರೆ ನಾಲ್ಕನೆಯದು ನೆಲಕ್ಕೆ ಸೇರಿಕೊಂಡಿರುತ್ತದೆ. ಕಟ್ಟಿಸಿದವರು ಹೆಚ್ಚಿನ ದುಡಿಮೆಯನ್ನೆಲ್ಲ ಅಲ್ಲೇ ಸುರಿದಿರುತ್ತಾರೆ. ಬೀದರ್ ಕೋಟೆಯಲ್ಲಿ ಪ್ರಸ್ಥಭೂಮಿಗೆ ಹೊಂದಿಕೊಂಡ ಬದಿಗೆ ಹೋಗಿ ನೋಡಿ. ಜಂಬಿಟ್ಟಿಗೆ ಕಲ್ಲನ್ನೇ ಕಡಿದು ಮೂರು ಸಾಲು ಕಂದಕ ತೆಗೆದಿದ್ದಾರೆ. ಕಂದಕಗಳ ನಡುವೆ ನಿಂತಿರುವ ಗೋಡೆಗಳು ಕಟ್ಟಿದವಲ್ಲ, ಕಡಿಯದೆ ಉಳಿಸಿದ ಬಂಡೆ. ಫ್ರಾನ್ಸಿನ ಸೇನ್ ನದಿಯ ದಂಡೆಯ ಮೇಲಿನ ಶಾಟೋ ಗಯಾರ್‌ ಕೋಟೆಯಲ್ಲೂ ಇದೇ ತರ್ಕ. ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್ 1196ರಿಂದ 1198ರೊಳಗೆ ಕಟ್ಟಿಸಿದ ಆ ಕೋಟೆಗೆ ನೆಲದ ಸಂಪರ್ಕ ಇದ್ದದ್ದು ಒಂದೇ ಬದಿಯಲ್ಲಿ. ಅಲ್ಲಿ ಮುಖ್ಯ ಕೋಟೆಯಿಂದ ಬಿಡಿಸಿ, ನಡುವೆ ಕಂದಕವಿಟ್ಟು, ತ್ರಿಕೋನಾಕಾರದ ಮುಂಗೋಟೆಯೊಂದನ್ನು ನಿಲ್ಲಿಸಿದ್ದಾರೆ. ಫ್ರಾನ್ಸಿನ ಎರಡನೇ ಫಿಲಿಪ್‌ನ ಸೇನೆ ಮೊದಲು ಮುರಿದದ್ದು ಅದನ್ನೇ. 1204ರ ಮಾರ್ಚ್‌ನಲ್ಲಿ ಇಡೀ ಕೋಟೆ ಕೈಬಿಟ್ಟಿತು. ಗೈಡ್ ನೇರವಾಗಿ ಒಳಕೋಟೆಗೆ ಕರೆದುಕೊಂಡು ಹೋದರೆ ಈ ಮುಂಗೋಟೆ ಯಾವುದೋ ಕಲ್ಲಿನ ರಾಶಿಯಂತೆ ಕಂಡು ಹಿಂದೆ ಬೀಳುತ್ತದೆ.

ಹೊರಸುತ್ತಿನಲ್ಲಿ ಕಣ್ಣು ಹುಡುಕಬೇಕಾದದ್ದು ಹೊಂದಾಣಿಕೆಯಾಗದ ಜಾಗಗಳನ್ನು. ಇಂಗ್ಲೆಂಡಿನ ರಾಚೆಸ್ಟರ್ ಕೋಟೆಯ ಮುಖ್ಯ ಗೋಪುರಕ್ಕೆ ನಾಲ್ಕು ಮೂಲೆ. ಮೂರು ಚೌಕ, ಒಂದು ಮಾತ್ರ ದುಂಡು. 1215ರಲ್ಲಿ ಜಾನ್ ದೊರೆಯ ಕಡೆಯವರು ಆ ಮೂಲೆಯ ಬುಡಕ್ಕೆ ಸುರಂಗ ತೋಡಿ, ಮೇಲಿನ ಭಾರಕ್ಕೆ ಮರದ ಕಂಬಗಳ ಆಸರೆ ಕೊಟ್ಟು, ಆಮೇಲೆ ಆ ಕಂಬಗಳಿಗೇ ಬೆಂಕಿಯಿಟ್ಟರು. ಕಂಬ ಸುಟ್ಟಿತು, ಮೂಲೆ ಕುಸಿಯಿತು. ಬೆಂಕಿಗಾಗಿ ದೊರೆ ತರಿಸಿದ್ದು ನಲವತ್ತು ಕೊಬ್ಬಿದ ಹಂದಿಗಳನ್ನು, ಅದೂ ತಿನ್ನಲು ಅಷ್ಟೇನೂ ಚೆನ್ನಾಗಿಲ್ಲದವು ಸಾಕು ಎಂದು ಬರೆದ ಆಜ್ಞೆ ಉಳಿದುಬಂದಿದೆ. ಮರಳಿ ಕಟ್ಟುವಾಗ ಆ ಮೂಲೆಯನ್ನು ದುಂಡಗೆ ಮಾಡಿದರು. ಇದನ್ನು ಕಾಣಲು ಗೋಪುರದ ಒಳಗೆ ಹೋಗಬೇಕಿಲ್ಲ. ಸುತ್ತು ಹಾಕಿದರೆ ಸಾಕು. ಕಲ್ಲಿನ ಬಣ್ಣ ಅಡ್ಡಗೆರೆ ಎಳೆದಂತೆ ಬದಲಾದರೆ ಗೋಡೆಯನ್ನು ಆಮೇಲೆ ಎತ್ತರಿಸಿರಬಹುದು. ಸಾಲಾಗಿ, ಸಮ ಅಂತರದಲ್ಲಿರುವ ಚೌಕ ತೂತುಗಳು ಬಾಣದ ಕಿಂಡಿಗಳಲ್ಲ, ಕಟ್ಟುವಾಗ ಅಟ್ಟಣಿಗೆಯ ಮರ ತೂರಿಸಿದ ಗುಳಿಗಳು. ಈ ಎರಡನ್ನು ಅದಲು ಬದಲು ಮಾಡಿ ಹೇಳುವ ಗೈಡ್‌ಗಳು ಕಡಿಮೆಯೇನಲ್ಲ. ಕಿಂಡಿಯಾದರೆ ಹೊರಗೆ ಸಣ್ಣ ಸೀಳು, ಒಳಗೆ ಒಬ್ಬಾಳು ಪಕ್ಕಕ್ಕೆ ಸರಿದು ಗುರಿಯಿಡುವಷ್ಟು ಅಗಲ ಇರುತ್ತದೆ.

ರಾಯಚೂರು ಕೋಟೆಗೆ ಹೋದವರು ಒಳಸುತ್ತಿನ ಗೋಡೆಯಲ್ಲಿರುವ ಒಂದು ಕಲ್ಲನ್ನು ನೋಡದೆ ಬರಬಾರದು. 41 ಅಡಿಗೂ ಉದ್ದದ ಒಂದೇ ಚಪ್ಪಡಿ. ಕೋಟೆ ಕಟ್ಟಿದ್ದು 1294ರಲ್ಲಿ ಎಂದು ಅದರ ಮೇಲೆ ಶಾಸನವಿದೆ. ಪಕ್ಕದಲ್ಲೇ, ಅಷ್ಟುದ್ದದ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆತರುತ್ತಿರುವ ಗೀಚುಚಿತ್ರವೂ ಇದೆ. ಕೋಟೆ ಹೇಗೆ ಕಟ್ಟಿದರು ಎಂಬುದಕ್ಕೆ ಕಟ್ಟಿದವರೇ ಬರೆದಿಟ್ಟ ಚಿತ್ರ ಸಿಗುವುದು ಅಪರೂಪ. ನಡು ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ಇಂಥ ತೆಳುಗೆರೆಗಳು ಕಣ್ಣಿಗೆ ಬೀಳುವುದೇ ಇಲ್ಲ. ಓರೆಬಿಸಿಲಿರಬೇಕು, ಇಲ್ಲವೇ ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಪಕ್ಕದಿಂದ ಹಿಡಿಯಬೇಕು.

ಬಾಗಿಲಿಗೆ ಇಪ್ಪತ್ತು ನಿಮಿಷ ಕೊಡಿ, ಹೆಚ್ಚೆನಿಸದು. ದಾರಿ ನೇರವಾಗಿ ಬಂದು ಬಾಗಿಲಿಗೆ ತಾಗುವುದಿಲ್ಲ, ತಿರುವು ತೆಗೆದುಕೊಳ್ಳುತ್ತದೆ. ಆನೆಗಾಗಲಿ ದಿಮ್ಮಿ ಹೊತ್ತವರಿಗಾಗಲಿ ಓಡಿಬಂದು ಗುದ್ದಲು ಜಾಗ ಸಿಗಬಾರದು ಎಂಬುದೇ ಇದರ ಉದ್ದೇಶ. ದಖ್ಖನ್ನಿನ ಕೋಟೆಗಳಲ್ಲಿ ಕದದ ಮೇಲೆ ಕಬ್ಬಿಣದ ಮೊಳೆಗಳಿರುವುದು ಆನೆಯ ಹಣೆಗೆ. ಯುರೋಪಿನಲ್ಲಿ ಆ ಭಯವಿರಲಿಲ್ಲ. ಅಲ್ಲಿ ಬಾಗಿಲ ಇಕ್ಕೆಲದ ಕಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಕೊರೆದ ತೋಡು ಇರುತ್ತದೆ, ಕಬ್ಬಿಣ ಹೊದಿಸಿದ ಜಾಲರಿ ಬಾಗಿಲು ಜಾರಿ ಇಳಿಯುತ್ತಿದ್ದ ಜಾಡು ಅದು. ಕದದ ಹಿಂದೆ ಗೋಡೆಯಲ್ಲಿ ಎರಡು ಗುಳಿ ಹುಡುಕಿ. ಒಂದು ಗೇಣಷ್ಟೇ ಆಳ. ಎದುರಿನದರೊಳಗೆ ಟಾರ್ಚ್ ಬಿಟ್ಟರೆ ಬೆಳಕು ಎಲ್ಲೋ ಒಳಗೆ ಹೋಗಿ ನಿಲ್ಲುತ್ತದೆ. ಅಗುಳಿಯ ದಿಮ್ಮಿಯನ್ನು ಹಗಲು ಅದರೊಳಗೆ ತಳ್ಳಿ, ರಾತ್ರಿ ಹೊರಗೆಳೆದು ಈಚೆ ಗುಳಿಗೆ ಸಿಕ್ಕಿಸುತ್ತಿದ್ದರು. ಗುಳಿಗೆ ಕೈ ಮಾತ್ರ ಹಾಕಬೇಡಿ, ಚೇಳು ಹಾವುಗಳಿಗೆ ಅದು ಒಳ್ಳೆಯ ಮನೆ. ಆಮೇಲೆ ತಲೆಯೆತ್ತಿ ಚಾವಣಿಯ ತೂತುಗಳನ್ನು ನೋಡಿ.

ಈ ತೂತುಗಳ ಕೆಳಗೆ ನಿಂತೇ ಗೈಡ್ ಕುದಿಯುವ ಎಣ್ಣೆಯ ಕಥೆ ತೆಗೆಯುವುದು. ಎಣ್ಣೆ ದುಬಾರಿ ವಸ್ತು. ಮುತ್ತಿಗೆಯ ಕಾಲದಲ್ಲಂತೂ ಅಡುಗೆಗೂ ದೀಪಕ್ಕೂ ಬೇಕು. ಸುರಿದದ್ದು ಹೆಚ್ಚಾಗಿ ಕಲ್ಲು, ಬಿಸಿನೀರು, ಕಾದ ಮರಳು, ಸುಣ್ಣ. ಬಾಗಿಲಿಗೆ ಬೆಂಕಿಯಿಟ್ಟರೆ ಆರಿಸಲು ತಣ್ಣೀರಿಗೂ ಅದೇ ತೂತು. ಸುರುಳಿ ಮೆಟ್ಟಿಲು ಬಲಕ್ಕೇ ತಿರುಗುವುದು ಮೇಲಿನಿಂದ ಕಾದಾಡುವವನ ಬಲಗೈ ಕತ್ತಿಗೆ ಅನುಕೂಲವಾಗಲೆಂದು ಎನ್ನುವುದು ಇನ್ನೊಂದು; ಎಡಕ್ಕೆ ತಿರುಗುವ ಮೆಟ್ಟಿಲುಗಳೂ ಬೇಕಾದಷ್ಟಿವೆ. ಇನ್ನು ಸುರಂಗ! ಇಲ್ಲಿಂದ ಹತ್ತು ಹರಿದಾರಿ ಆಚೆಯ ಊರಿಗೆ ಸುರಂಗವಿದೆ, ಸರ್ಕಾರ ಮುಚ್ಚಿಸಿದೆ ಎಂಬ ಮಾತು ಕೇಳದ ಕೋಟೆಯೇ ಇಲ್ಲ. ತೋರಿಸುವ ಬಾಯಿ ಹೆಚ್ಚಾಗಿ ಚರಂಡಿಯದ್ದು, ಇಲ್ಲವೇ ಕಂದಕಕ್ಕೆ ಇಳಿಯುವ ದಿಡ್ಡಿ ಬಾಗಿಲಿನದ್ದು. ಗೈಡ್ ಜೊತೆ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ‘ಅದರ ಗುರುತು ಎಲ್ಲಿದೆ, ತೋರಿಸಿ’ ಎಂದು ಕೇಳಿ. ಬಲ್ಲವನಾದರೆ ಎರಡನೇ ಸಲ ಕೇಳುವಷ್ಟರಲ್ಲಿ ಕಥೆ ಬಿಟ್ಟು ಕಲ್ಲಿಗೆ ಬರುತ್ತಾನೆ.

ಎಲ್ಲ ಕಥೆಯೂ ಸುಳ್ಳಲ್ಲ. ಗೋಲ್ಕೊಂಡದಲ್ಲಿ ಕೆಳಗಿನ ಬಾಗಿಲ ಗುಮ್ಮಟದಡಿ ತಟ್ಟಿದ ಚಪ್ಪಾಳೆ ಗುಡ್ಡದ ಮೇಲಿನ ಬಾಲಾ ಹಿಸ್ಸಾರ್‌ನಲ್ಲಿ ಕೇಳಿಸುವುದು ನಿಜ. ಆದರೆ ಅಷ್ಟೆಲ್ಲ ವ್ಯವಸ್ಥೆಯಿದ್ದ ಕೋಟೆ 1687ರಲ್ಲಿ ಔರಂಗಜೇಬನ ಎಂಟು ತಿಂಗಳ ಮುತ್ತಿಗೆಯ ಕೊನೆಗೆ ಬಿದ್ದದ್ದು ಒಳಗಿನವನೊಬ್ಬ ಲಂಚ ತಿಂದು ಬಾಗಿಲು ತೆರೆದದ್ದರಿಂದ. ಚಪ್ಪಾಳೆಯ ಸರದಿಯಲ್ಲಿ ನಿಲ್ಲುವ ಹೊತ್ತಿನಲ್ಲಿ ಇದನ್ನಾದರೂ ಹೇಳಿಸಿಕೊಳ್ಳಬಹುದು.

ಒಳಗೆ ಹೋದಮೇಲೆ ಕೇಳಬೇಕಾದ ಪ್ರಶ್ನೆಗಳು ಎರಡೇ. ನೀರು ಎಲ್ಲಿಂದ ಬರುತ್ತಿತ್ತು? ಕಾಣುತ್ತಿರುವುದರಲ್ಲಿ ಹೊಸದೆಷ್ಟು? ಬೆಟ್ಟದ ಕೋಟೆಯಲ್ಲಿ ತೊಟ್ಟಿ, ಹೊಂಡಗಳನ್ನು ನೋಡದೆ ಬಂದರೆ ಅರ್ಧ ಕೋಟೆ ನೋಡಿದಂತೆ. ಎರಡನೆಯದಕ್ಕೆ ಕಾರ್ಕಸೋನ್ ತಕ್ಕ ಉದಾಹರಣೆ. 1853ರಿಂದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ನಡೆಸಿದ ಜೀರ್ಣೋದ್ಧಾರದಲ್ಲಿ ಗೋಪುರಗಳಿಗೆ ಮೊನಚು ಟೋಪಿಯಂಥ ಸ್ಲೇಟ್ ಚಾವಣಿ ಬಂತು. ಆ ದಕ್ಷಿಣದ ಸೀಮೆಗೆ ಅದು ಹೊಂದುವುದಿಲ್ಲ ಎಂಬ ಆಕ್ಷೇಪ ಇಂದಿಗೂ ಇದೆ. ಹಲವರು ಪ್ರಾಣ ತೆತ್ತ 1243–44ರ ಮುತ್ತಿಗೆಗೆ ಹೆಸರಾದ ಫ್ರಾನ್ಸಿನ ಮೋಂಸೆಗ್ಯೂರ್‌ ಕೋಟೆಯಲ್ಲಿ ಈಗ ನಿಂತಿರುವ ಗೋಡೆಗಳು ಆ ಮುತ್ತಿಗೆಯ ನಂತರ ಕಟ್ಟಿದವು. ಇದು ಗೊತ್ತಿಲ್ಲದೆ ಹೋದರೆ ತಪ್ಪು ಕಲ್ಲಿನ ಮುಂದೆ ನಿಂತು ಕಣ್ಣೀರಿಟ್ಟಂತಾಗುತ್ತದೆ.

ಗೈಡ್‌ನನ್ನು ಗೊತ್ತು ಮಾಡುವಾಗ ಬರಹದಲ್ಲೇ ಕೇಳಿಕೊಳ್ಳಬೇಕಾದ ಸಂಗತಿಗಳಿವೆ. ಗಾಡಿ ಓಡಿಸುವವನೇ ಗೈಡೋ, ಬೇರೆಯೋ? ಹಲವು ದೇಶಗಳಲ್ಲಿ ಸ್ಮಾರಕದೊಳಗೆ ವಿವರಿಸಲು ಪ್ರತ್ಯೇಕ ಪರವಾನಗಿ ಬೇಕು. ಚಾಲಕ ಬಾಗಿಲಲ್ಲೇ ಉಳಿದುಬಿಡುತ್ತಾನೆ, ಒಳಗೆ ನೀವು ನೀವೇ. ಗಂಟೆಯ ಲೆಕ್ಕ ಎಲ್ಲಿಂದ ಶುರು, ಉಳಿದುಕೊಂಡ ಜಾಗದಿಂದಲೋ ಕೋಟೆ ಬಾಗಿಲಿಂದಲೋ? ಪ್ರವೇಶ ಶುಲ್ಕ, ಪಾರ್ಕಿಂಗ್, ಗೈಡ್‌ನ ಊಟ ಯಾರ ಪಾಲಿಗೆ? ದಾರಿಯಲ್ಲಿ ಅಂಗಡಿಗಳಲ್ಲಿ ನಿಲ್ಲಿಸುವುದು ಬೇಡ ಎಂಬುದನ್ನೂ ಮೊದಲೇ ಹೇಳಿ. ಅಲ್ಲಿ ಹೋಗುವ ಮುಕ್ಕಾಲು ಗಂಟೆಯನ್ನು ಕೋಟೆಯ ಹೊರಸುತ್ತಿನಿಂದಲೇ ಕತ್ತರಿಸುತ್ತಾರೆ. ಗಾಡಿ ಒಂದು ಬಾಗಿಲಲ್ಲಿ ಇಳಿಸಿ ಇನ್ನೊಂದು ಬಾಗಿಲಲ್ಲಿ ಹತ್ತಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿ, ದೊಡ್ಡ ಕೋಟೆಯಲ್ಲಿ ಬಂದ ದಾರಿಯಲ್ಲೇ ವಾಪಸ್ ನಡೆಯುವುದು ತಪ್ಪುತ್ತದೆ. ಗುಂಪು ಎಂಟು ಜನ ಮೀರದಿರಲಿ. ಗೋಡೆಯ ಮೇಲಿನ ಓಣಿಯಲ್ಲಿ ಒಬ್ಬರ ಹಿಂದೊಬ್ಬರು ಹೋಗುವಾಗ ಒಂಬತ್ತನೆಯವರಿಗೆ ಗಾಳಿಯಲ್ಲಿ ಏನೂ ಕೇಳುವುದಿಲ್ಲ.

ಕೊನೆಯ ಪ್ರವೇಶದ ಹೊತ್ತು ಮುಚ್ಚುವ ಹೊತ್ತಿಗಿಂತ ಬಹುಪಾಲು ಅರ್ಧದಿಂದ ಒಂದು ಗಂಟೆ ಮೊದಲು. ವಾರದ ರಜೆ, ದುರಸ್ತಿಗಾಗಿ ಮುಚ್ಚಿದ ಭಾಗ, ಇವನ್ನು ಹಿಂದಿನ ದಿನ ವಿಚಾರಿಸಿ. ಫ್ರಾನ್ಸಿನ ಪೇರ್ಪರ್ಟ್ಯೂಸ್‌ನಂಥ ಎತ್ತರದ ಬಂಡೆ ಕೋಟೆಗಳನ್ನು ಬಿರುಗಾಳಿ, ಸಿಡಿಲಿನ ದಿನ ಮುಚ್ಚಿಬಿಡುತ್ತಾರೆ. ಬದಲಿ ಜಾಗ ಯಾವುದು ಎಂದು ಗೈಡ್ ಬಳಿ ಉತ್ತರವಿರಬೇಕು. ಸವೆದ ಸುಣ್ಣಕಲ್ಲಿನ ಮೆಟ್ಟಿಲು ಮಳೆಯಲ್ಲಿ ಜಾರುತ್ತದೆ, ಬೀಳುವುದು ಹೆಚ್ಚಾಗಿ ಇಳಿಯುವಾಗ. ಮಂಡಿನೋವಿನವರಿಗೂ ಇಳಿತವೇ ಕಷ್ಟ. ಹಿಡಿತವಿರುವ ಬೂಟು, ತಲೆಗೆ ಎರಡು ಲೀಟರಿನಂತೆ ನೀರು, ಟಾರ್ಚ್ ಇಷ್ಟು ಸಾಕು. ಕಮಾನಿನ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಗದ್ದಲ, ಹೊಗೆ, ಸುಗಂಧದ್ರವ್ಯ ಯಾವುದೂ ಬೇಡ. ದೌಲತಾಬಾದ್‌ನ ಕತ್ತಲೆ ದಾರಿಯಲ್ಲಿ ಬಾವಲಿಗಳಿವೆ, ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ. ಮೊಬೈಲ್ ಬೆಳಕು ನೆಚ್ಚಿಕೊಂಡರೆ ಒಂದು ಕೈ ಅದಕ್ಕೇ ಹೋಗುತ್ತದೆ, ತಲೆಗೆ ಕಟ್ಟುವ ಟಾರ್ಚೇ ಮೇಲು.

ತಮ್ಮಲ್ಲೊಂದು ವಿನಂತಿ. ಕೋಟೆಗಳ ಬಗ್ಗೆ ಬರಹ ಪ್ರಕಟಿಸುವಾಗ ಸೂರ್ಯಾಸ್ತದ ಫೋಟೊ ಒಂದನ್ನು ಕಡಿಮೆ ಮಾಡಿ, ಆ ಜಾಗದಲ್ಲಿ ಕೋಟೆಯ ನೆಲನಕ್ಷೆ ಹಾಕಿ. ಉತ್ತರ ದಿಕ್ಕು, ತೆರೆದಿರುವ ಬಾಗಿಲುಗಳು, ನೀರಿನ ಹೊಂಡ, ಹೊರಸುತ್ತಿಗೆ ಕಾಲುದಾರಿ ಇದೆಯೇ ಇಲ್ಲವೇ ಎಂಬುದು ಅದರಲ್ಲಿದ್ದರೆ ಓದುಗರು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ ಗೈಡ್ ಮುಂದೆ ಬಿಡಿಸಬಹುದು.

ಇತಿ,
ತಮ್ಮ ಓದುಗ