ಮರಳಿ ಬಾರದ ರೋಗಿಗಳನ್ನೂ ಲೆಕ್ಕಕ್ಕೆ ತೆಗೆದುಕೋ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯಕುಶಲೋಪರಿ.

ಸ್ನಾಯುಗಳನ್ನು ಆಡಿಸುವ ನರಕೋಶಗಳು ನಶಿಸುವ ಮೋಟಾರ್ ನ್ಯೂರಾನ್ ಕಾಯಿಲೆಯವರ ಮುಂದಿನ ಗತಿಯನ್ನೂ ಅವರಿಗೆ ಒದಗುವ ಅಂಗವೈಕಲ್ಯವನ್ನೂ ನಿನ್ನ ಡಿಎಂ (ನರರೋಗಶಾಸ್ತ್ರದ ಉನ್ನತ ಪದವಿ) ಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದೀಯೆಂದು ಓದಿ ಬಹಳ ಸಂತೋಷವಾಯಿತು. ರೆಕಾರ್ಡ್ ವಿಭಾಗದಿಂದ ಹಳೆಯ ಫೈಲುಗಳನ್ನು ತರಿಸಿ, ಅವುಗಳಲ್ಲಿ ಇರುವುದನ್ನು ಪಟ್ಟಿ ಮಾಡಿ, ಲೆಕ್ಕ ಹಾಕಿದರೆ ಸಾಲದೇ ಎಂದು ಕೇಳಿದ್ದೀಯೆ. ಸಾಲದು ಮಗಳೇ. ಏಕೆ ಸಾಲದೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಡ್ಯೂಟಿ ಇಲ್ಲದ ದಿನ ನಿಧಾನವಾಗಿ ಓದು.

ನಮ್ಮ ಮುಂದೆ ಬಂದು ಕೂರುವ ರೋಗಿಗೆ ಕಾಯಿಲೆಯ ಹೆಸರು ಅಷ್ಟೊಂದು ಮುಖ್ಯವಲ್ಲ. ಇದು ಇಷ್ಟಕ್ಕೇ ನಿಲ್ಲುತ್ತದೆಯೇ, ಇನ್ನೊಂದು ಕೈಗೂ ಬರುತ್ತದೆಯೇ, ಮಕ್ಕಳ ಓದು ಮುಗಿಯುವವರೆಗೆ ದುಡಿಯಬಲ್ಲೆನೇ ಎಂಬುದೇ ಅವರ ಪ್ರಶ್ನೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದಕ್ಕೆ ಯಾರೋ ಹಿಂದೆ ಅಂಥದೇ ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ನೋಡಿ ಬರೆದಿಟ್ಟಿರಬೇಕು. ನಿನ್ನ ಕ್ಷೇತ್ರದಲ್ಲಿ ಹಾಗೆ ಬರೆದಿಟ್ಟವರು ನಮ್ಮ ಬೆಂಗಳೂರಿನಲ್ಲೇ ಇದ್ದರೆಂಬುದು ನಿನಗೆ ಗೊತ್ತಿರಬೇಕು. 1984ರಲ್ಲಿ ನಿಮ್ಹಾನ್ಸ್‌ನ ಡಾ. ಗೌರಿ ದೇವಿಯವರೂ ಅವರ ಸಂಗಡಿಗರೂ 23 ರೋಗಿಗಳ ವಿವರ ಕೊಟ್ಟು, ಒಂದೇ ಕೈಯೋ ಒಂದೇ ಕಾಲೋ ಸೊರಗುವ ಕಾಯಿಲೆಗೆ ಮಾನೋಮೆಲಿಕ್ ಅಮಯೋಟ್ರೋಫಿ ಎಂದು ಹೆಸರಿಟ್ಟರು. ಕೈಗೆ ಬರುವ ಬಗೆಯನ್ನು ಜಪಾನಿನಲ್ಲಿ ಹಿರಯಾಮ ಅವರು 1959ರಲ್ಲೇ ವರ್ಣಿಸಿದ್ದರು. ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಬರುವ ಕಾಯಿಲೆ ಇದು. ಅಂಗೈಯ ಮಾಂಸ ಕರಗುತ್ತದೆ, ಚಳಿಗೆ ಬೆರಳುಗಳು ಮತ್ತಷ್ಟು ಸೋಲುತ್ತವೆ, ಚಾಚಿದರೆ ನಡುಗುತ್ತವೆ. ನೋಡಿದ ವೈದ್ಯನ ಮನಸ್ಸಿಗೆ ಮೊದಲು ಬರುವುದು ಎಎಲ್‌ಎಸ್, ಅಂದರೆ ಕೈಕಾಲು, ನಾಲಗೆ, ಉಸಿರಾಟದ ಸ್ನಾಯುಗಳು ಒಂದೊಂದಾಗಿ ಸೋತು ಸಾಮಾನ್ಯವಾಗಿ ಕೆಲವೇ ವರ್ಷಗಳಲ್ಲಿ ಪ್ರಾಣ ತೆಗೆಯುವ ಮೋಟಾರ್ ನ್ಯೂರಾನ್ ಕಾಯಿಲೆ. ಅದನ್ನು ಬಾಯಿಬಿಟ್ಟು ಹೇಳಿದನೆಂದರೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆದರೆ ಈ ಹುಡುಗರನ್ನು ವರ್ಷಗಳ ಕಾಲ ಹಿಂಬಾಲಿಸಿದಾಗ ಕಂಡದ್ದೇ ಬೇರೆ. ಕೆಲವು ವರ್ಷ ಏರಿದ ಕಾಯಿಲೆ ತಾನಾಗಿ ನಿಲ್ಲುತ್ತದೆ, ಆಯುಸ್ಸಿಗೆ ತೊಂದರೆಯಿಲ್ಲ, ಆ ಕೈಯಲ್ಲೇ ಬರೆದು, ದುಡಿದು, ಸಂಸಾರ ನಡೆಸುತ್ತಾರೆ. ಇದು ಯಾವ ಔಷಧಿಯಿಂದಲೂ ಸಿಕ್ಕ ಸಮಾಧಾನವಲ್ಲ, ಬರೀ ಫಾಲೋಅಪ್‌ನಿಂದ ಸಿಕ್ಕದ್ದು. ಕಾಯಿಲೆಯ ಮುಂದಿನ ಗತಿಯನ್ನು ಹುಡುಕುವ ಸಂಶೋಧನೆಯನ್ನು ಎರಡನೆಯ ದರ್ಜೆಯದೆಂದು ನಿನ್ನ ಸಹಪಾಠಿಗಳು ಹಗುರವಾಗಿ ಮಾತನಾಡಿದರೆ ಈ 23 ಜನರನ್ನು ನೆನೆ.

ಮದರಾಸ್ ಮೋಟಾರ್ ನ್ಯೂರಾನ್ ಕಾಯಿಲೆಯ ಕಥೆಯೂ ಅಂಥದೇ. 1970ರಲ್ಲಿ ಮದರಾಸಿನ ವೈದ್ಯರು ವರ್ಣಿಸಿದ ಈ ಬಗೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಕೈಕಾಲು ಸೊರಗುವುದರ ಜೊತೆಗೆ ಮುಖ ಮತ್ತು ನಾಲಗೆಯ ಸ್ನಾಯುಗಳು ಸೋಲುತ್ತವೆ, ಕಿವಿ ಮಂದವಾಗುತ್ತದೆ. ಆದರೂ ರೋಗಿಗಳು ದಶಕಗಟ್ಟಲೆ ಬದುಕುತ್ತಾರೆ. ಪಾಶ್ಚಾತ್ಯ ಪಠ್ಯಪುಸ್ತಕದಲ್ಲಿ ಎಎಲ್‌ಎಸ್‌ಗೆ ಬರೆದಿರುವ ಮೂರರಿಂದ ಐದು ವರ್ಷದ ಆಯುಸ್ಸನ್ನು ಕಣ್ಣುಮುಚ್ಚಿ ಇವರಿಗೂ ಅಂಟಿಸಿದರೆ ಎಂಥ ಅನ್ಯಾಯವಾಗುತ್ತದೆಂದು ಯೋಚಿಸು.

ಇನ್ನು ನಿನ್ನ ವಿಷಯದ ತಿರುಳಿಗೆ ಬರುತ್ತೇನೆ. 2008ರಲ್ಲಿ ನಿಮ್ಹಾನ್ಸ್‌ನಿಂದ 30 ವರ್ಷಗಳಲ್ಲಿ ಕಂಡ 1,153 ಎಎಲ್‌ಎಸ್ ರೋಗಿಗಳ ವರದಿ ಬಂತು. ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಕಾಯಿಲೆ ಚಿಕ್ಕ ವಯಸ್ಸಿನಲ್ಲಿ ಶುರುವಾಗುತ್ತದೆ, ಬದುಕುವ ಅವಧಿ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ದೊಡ್ಡ ಕೆಲಸವದು, ಮುತುವರ್ಜಿಯಿಂದ ಓದು. ಅದನ್ನು ಮುಂದುವರಿಸಲು ಹೊರಟ ನೀನು ಮಾತ್ರ ನಿನ್ನ ಪಟ್ಟಿಯ ಬಗ್ಗೆ ಎರಡು ಪ್ರಶ್ನೆಗಳನ್ನು ಸದಾ ಕೇಳಿಕೊಳ್ಳುತ್ತಿರಬೇಕು: ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ತೀರಿಹೋದವರು ಯಾರು, ಒಮ್ಮೆ ಬಂದು ಮತ್ತೆ ಬಾರದವರು ಯಾರು?

ಮೊದಲನೆಯದನ್ನು ಹೀಗೆ ನೋಡು. ರಾಯಚೂರಿನ ಕಡೆಯ ಒಬ್ಬ ರೈತನಿಗೆ ನಾಲಗೆ ತೊದಲಿ, ನುಂಗುವುದು ಕಷ್ಟವಾಗಿ, ಒಂದೂವರೆ ವರ್ಷದಲ್ಲಿ ಉಸಿರು ಕಟ್ಟಿ ಪ್ರಾಣ ಹೋಯಿತೆಂದುಕೋ. ಅವನು ತಾಲ್ಲೂಕು ಆಸ್ಪತ್ರೆಯನ್ನೂ ದಾಟಿರುವುದಿಲ್ಲ. ಅದೇ ಊರಿನ ಇನ್ನೊಬ್ಬನಿಗೆ ಕಾಲಿನಿಂದ ಶುರುವಾಗಿ ನಿಧಾನವಾಗಿ ಏರಿದ ಕಾಯಿಲೆ. ಆರು ವರ್ಷವಾದ ಮೇಲೆ ಯಾರೋ ಹೇಳಿದರೆಂದು ಬೆಂಗಳೂರಿಗೆ ಬರುತ್ತಾನೆ. ನಿನ್ನ ಫೈಲಿನಲ್ಲಿ ಇರುವವನು ಎರಡನೆಯವನು ಮಾತ್ರ. ಅವನ ಆರು ವರ್ಷಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಕಾಯಿಲೆ ಇರುವುದಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ಆದ್ದರಿಂದ ಲಕ್ಷಣ ಶುರುವಾದ ದಿನದಿಂದ ಒಂದು ಲೆಕ್ಕ, ನಿಮ್ಮ ಓಪಿಡಿಗೆ ಕಾಲಿಟ್ಟ ದಿನದಿಂದ ಇನ್ನೊಂದು ಲೆಕ್ಕ ಬೇರೆಬೇರೆಯಾಗಿ ಇಡು. ಬರುವ ಮುಂಚಿನ ಕಾಲದಲ್ಲಿ ಅವನು ಸಾಯಲು ಸಾಧ್ಯವಿರಲಿಲ್ಲವೆಂಬುದನ್ನು, ಅಂದರೆ ಸತ್ತಿದ್ದರೆ ಅವನು ನಿನ್ನ ಪಟ್ಟಿಗೇ ಬರುತ್ತಿರಲಿಲ್ಲವೆಂಬುದನ್ನು, ಗಣನೆಗೆ ತೆಗೆದುಕೊಳ್ಳುವ ವಿಧಾನಗಳಿವೆ. ನಿಮ್ಮ ಸಂಖ್ಯಾಶಾಸ್ತ್ರದ ವಿಭಾಗದವರನ್ನು ಈಗಲೇ ಕಂಡು ಮಾತನಾಡು, ಅಂಕಿಅಂಶವೆಲ್ಲ ಕೈಸೇರಿದ ಮೇಲೆ ಓಡಬೇಡ.

ಯಾರನ್ನು ಹೇಗೆ ಎಣಿಸಿದೆವೆಂಬುದರ ಮೇಲೆ ಉತ್ತರ ಎಷ್ಟು ಬದಲಾಗುತ್ತದೆಂಬುದಕ್ಕೆ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ಒಳ್ಳೆಯ ಉದಾಹರಣೆ ಇದೆ. ನಡೆಯಲು ಊರುಗೋಲು ಬೇಕಾಗುವ ಹಂತಕ್ಕೆ ಅರ್ಧದಷ್ಟು ರೋಗಿಗಳು ಮುಟ್ಟಲು ಸುಮಾರು 15 ವರ್ಷ ಹಿಡಿಯುತ್ತದೆಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್ ನಗರದ ಸಂಶೋಧಕರು 1989ರಲ್ಲಿ ಬರೆದರು. ಅದೇ ದೇಶದ ಬ್ರಿಟಿಷ್ ಕೊಲಂಬಿಯಾದಲ್ಲಿ ಹೆಲೆನ್ ಟ್ರೆಮ್ಲೆಟ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಸುಮಾರು 28 ವರ್ಷ. ಮೂವತ್ತು ವಯಸ್ಸಿನ ಹೆಣ್ಣುಮಗಳೊಬ್ಬಳಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಎಂದರೆ ಮಕ್ಕಳನ್ನು ಬೆಳೆಸಿ ದಡ ಸೇರಿಸುವ ಕಾಲ.

ಎರಡನೆಯ ಪ್ರಶ್ನೆಗೆ ಮೈಬಗ್ಗಿಸಿ ದುಡಿಯಬೇಕು. ಫಾಲೋಅಪ್‌ಗೆ ಬಾರದವರೆಲ್ಲರೂ ಒಂದೇ ಕಾರಣಕ್ಕೆ ಬಾರದಿದ್ದರೆ ತಿದ್ದಿಕೊಳ್ಳಬಹುದಿತ್ತು. ಹಾಗಿರುವುದಿಲ್ಲ. ಒಬ್ಬ ತೀರಿಹೋಗಿರುತ್ತಾನೆ. ಒಬ್ಬನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ, ಬಾಡಿಗೆ ಕಾರಿಗೆ ಹಣವಿಲ್ಲ. ಇನ್ನೊಬ್ಬ ಕಾಯಿಲೆ ನಿಂತಿದೆಯೆಂದು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಿರುತ್ತಾನೆ. ಸ್ಥಿತಿ ಅತಿ ಕೆಟ್ಟಿರುವವರೂ ಅತಿ ಚೆನ್ನಾಗಿರುವವರೂ ನಿನ್ನ ಕಣ್ಣಿಗೆ ಬೀಳದೆ ನಡುವಿನವರು ಮಾತ್ರ ಉಳಿದುಬಿಡುತ್ತಾರೆ. ಎಥಿಕ್ಸ್ ಸಮಿತಿಯ ಒಪ್ಪಿಗೆ ಪಡೆದು ಒಬ್ಬೊಬ್ಬರನ್ನೂ ಹುಡುಕು. ಫೋನ್ ನಂಬರು ಬದಲಾಗಿದ್ದರೆ ವಿಳಾಸಕ್ಕೆ ಕನ್ನಡದಲ್ಲೇ ಪತ್ರ ಬರೆ, ಅಂಚೆಚೀಟಿ ಹಚ್ಚಿದ ಮರುಲಕೋಟೆ ಇಡು. ಹೊಸ ರೋಗಿಗಳಿಂದ ಮನೆಯವರದಲ್ಲದೆ ನೆರೆಯವರ ನಂಬರನ್ನೂ, ಆ ಊರಿನ ಆಶಾ ಕಾರ್ಯಕರ್ತೆಯ ನಂಬರನ್ನೂ ಅವರ ಅನುಮತಿಯಿಂದಲೇ ಬರೆದುಕೋ. ಕಾಯಿಲೆ ಶುರುವಾದ ತಿಂಗಳು ನೆನಪಿಲ್ಲವೆಂದರೆ ಯುಗಾದಿಗೆ ಮೊದಲೋ ಆಮೇಲೋ, ರಾಗಿ ಕೊಯ್ಲಿನ ಹೊತ್ತಿಗೆ ಕುಡುಗೋಲು ಹಿಡಿಯಲು ಆಗುತ್ತಿತ್ತೇ ಎಂದು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಫೋನು ಎತ್ತಿದವರು "ಅವರು ಹೋಗಿಬಿಟ್ರು" ಎಂದರೆ ತಾರೀಖು ಬರೆದುಕೊಂಡು ಥಟ್ಟನೆ ಇಟ್ಟುಬಿಡಬೇಡ. ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯಿಂದ ವಿಚಾರಿಸಿದ ಮೊದಲ ಕರೆ ನಿನ್ನದೇ ಆಗಿರುತ್ತದೆ. ಅವರು ಹೇಳುವಷ್ಟನ್ನು ಕೇಳಿಸಿಕೋ. ಕೊನೆಯ ತಿಂಗಳುಗಳು ಹೇಗಿದ್ದವೆಂಬುದು ಯಾವ ಫೈಲಿನಲ್ಲೂ ಇರುವುದಿಲ್ಲ.

ಅಂಗವೈಕಲ್ಯ ಅಳೆಯುವ ವಿಚಾರ. 1999ರಲ್ಲಿ ಪರಿಷ್ಕರಿಸಿದ ಎಎಲ್‌ಎಸ್‌ಎಫ್‌ಆರ್‌ಎಸ್-ಆರ್ ಎಂಬ ಅಳತೆಪಟ್ಟಿಯನ್ನೇ ನೀನೂ ಬಳಸುತ್ತೀಯೆ: 12 ಪ್ರಶ್ನೆ, ಒಟ್ಟು 48 ಅಂಕ. ಬೇರೆ ದೇಶಗಳೊಡನೆ ಹೋಲಿಸಲು ಅದು ಬೇಕು, ಬಿಡಬೇಡ. ಆದರೆ ಅದರ ಒಂದು ಪ್ರಶ್ನೆ ಆಹಾರವನ್ನು ಕತ್ತರಿಸಿ ಚಮಚ ಮುಂತಾದುವನ್ನು ಹಿಡಿಯುವುದರ ಬಗ್ಗೆ, ಇನ್ನೊಂದು ಮೆಟ್ಟಿಲು ಹತ್ತುವುದರ ಬಗ್ಗೆ ಇದೆ. ಕೈಯಿಂದಲೇ ಉಣ್ಣುವ, ಮೆಟ್ಟಿಲೇ ಇಲ್ಲದ ಮನೆಯಲ್ಲಿರುವ ಅಜ್ಜಿಗೆ ನೀನು ಏನೆಂದು ಅಂಕ ಕೊಡುತ್ತೀಯೆ? ಅನ್ನಕ್ಕೆ ಸಾರು ಕಲಸಿ ತುತ್ತು ಮಾಡಲು ಆಗುತ್ತದೆಯೇ, ತುತ್ತು ಬಾಯಿಗೆ ಹೋಗುವ ಮುನ್ನ ಬೆರಳ ಸಂದಿಯಿಂದ ಉದುರುತ್ತದೆಯೇ, ನೆಲದಿಂದ ಏಳಲು ಏನನ್ನು ಹಿಡಿಯಬೇಕು, ಕುಕ್ಕರಗಾಲಲ್ಲಿ ಕೂತು ಶೌಚ ಮುಗಿಸಿ ತಾವೇ ಏಳುತ್ತಾರೆಯೇ, ತಂಬಿಗೆ ಎತ್ತುತ್ತಾರೆಯೇ, ನಡೆಯುವಾಗ ಹವಾಯಿ ಚಪ್ಪಲಿ ಕಾಲಿನಿಂದ ಜಾರುತ್ತದೆಯೇ ಎಂಬ ಪ್ರಶ್ನೆಗಳನ್ನು ಪ್ರತ್ಯೇಕ ಹಾಳೆಯಲ್ಲಿ ಸೇರಿಸು. ಸ್ವಂತವಾಗಿ ಶೌಚಕ್ಕೆ ಹೋಗಲಾಗದ ದಿನವೇ ಮನೆಯಲ್ಲಿ ಇನ್ನೊಬ್ಬರ ದುಡಿಮೆಯೂ ನಿಲ್ಲುವ ದಿನವೆಂಬುದನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ. ಆ ದಿನಾಂಕ ನಿನ್ನ ಅಧ್ಯಯನದಲ್ಲಿ ಇರಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೀರ್ಘಕಾಲದ ನರಸಂಬಂಧಿ ಕಾಯಿಲೆಗಳನ್ನೂ ತನ್ನ 21 ವಿಧಗಳಲ್ಲಿ ಸೇರಿಸಿಕೊಂಡಿದೆ. ಇಂಥ ವಿವರಗಳಿದ್ದರೆ ಪ್ರಮಾಣಪತ್ರ ಬರೆಯುವ ವೈದ್ಯರಿಗೂ ಆಧಾರ ಸಿಗುತ್ತದೆ.

ಬದುಕಿದ ಅವಧಿಯನ್ನು ಬರೆಯುವಾಗ ಯಾವ ಚಿಕಿತ್ಸೆ ದೊರೆಯಿತೆಂಬುದನ್ನೂ ತಪ್ಪದೆ ಬರೆ. 2001ರಲ್ಲಿ ಸಿಯಾಟಲ್‌ನ ಕೈರಾ ಬೆಕರ್ ಮತ್ತು ಸಂಗಡಿಗರು ಮೆದುಳಿನ ರಕ್ತಸ್ರಾವದ ರೋಗಿಗಳನ್ನು ಕುರಿತು ಬರೆದ ಪ್ರಬಂಧವನ್ನು ಹುಡುಕಿ ಓದು. ಇವನು ಉಳಿಯುವುದಿಲ್ಲವೆಂದು ವೈದ್ಯರು ತೀರ್ಮಾನಿಸಿದರೆ ಜೀವಾಧಾರ ಚಿಕಿತ್ಸೆ ಹಿಂತೆಗೆಯುತ್ತಾರೆ, ರೋಗಿ ಸಾಯುತ್ತಾನೆ, ಆ ಸಾವು ಮತ್ತೆ ಅದೇ ತೀರ್ಮಾನಕ್ಕೆ ಪುರಾವೆಯಾಗಿ ನಿಲ್ಲುತ್ತದೆಂದು ಅವರು ತೋರಿಸಿದರು. ನಿನ್ನ ರೋಗಿಗಳಲ್ಲೂ ಉಸಿರಾಟಕ್ಕೆ ಬೈಪ್ಯಾಪ್ ಯಂತ್ರ, ಹೊಟ್ಟೆಗೆ ನೇರವಾಗಿ ಆಹಾರ ಹೋಗುವ ನಳಿಕೆ ಸಕಾಲಕ್ಕೆ ಸಿಕ್ಕವರು, ಕೊಳ್ಳಲಾಗದವರು, ಯಾರೂ ಹೇಳಲೇ ಇಲ್ಲವಾದ್ದರಿಂದ ತಿಳಿಯದೆ ಉಳಿದವರು ಎಂದು ಮೂರು ಬಗೆ ಇರುತ್ತಾರೆ. ಅವರನ್ನೆಲ್ಲ ಒಂದೇ ಸಾಲಿನಲ್ಲಿಟ್ಟು ಕಾಯಿಲೆಯ ಸಹಜ ಗತಿ ಇದೆಂದು ಬರೆದರೆ, ಬಡತನದ ಗತಿಯನ್ನು ಕಾಯಿಲೆಯ ತಲೆಗೆ ಕಟ್ಟಿದಂತಾಗುತ್ತದೆ.

ರೋಗಿಗಳಿಗೆ ಹೇಳುವಾಗ ಒಂದೇ ಅಂಕಿಯನ್ನು ಎಂದೂ ಹೇಳಬೇಡ. ಇಂಥವರಲ್ಲಿ ಅರ್ಧದಷ್ಟು ಜನ ಇಷ್ಟು ವರ್ಷಕ್ಕಿಂತ ಹೆಚ್ಚು ಕಾಲ ಇರುತ್ತಾರೆ, ಅರ್ಧದಷ್ಟು ಜನ ಇರುವುದಿಲ್ಲ, ನೀವು ಯಾವ ಕಡೆಯೆಂಬುದನ್ನು ಮುಂದಿನ ಆರು ತಿಂಗಳ ನಡೆ ನೋಡಿ ಇನ್ನಷ್ಟು ಹೇಳಬಲ್ಲೆ ಎನ್ನು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಹೆಸರನ್ನು ಮನೆಯವರೇ ಎತ್ತುತ್ತಾರೆ. 1963ರಲ್ಲಿ 21ನೆಯ ವಯಸ್ಸಿಗೆ ಕಾಯಿಲೆ ಗೊತ್ತಾಗಿ 2018ರವರೆಗೆ ಬದುಕಿದ್ದು ನಿಜ, ಆದರೆ ಅದು ತೀರ ಅಪರೂಪವೆಂದು ಮೃದುವಾಗಿ, ಸುಳ್ಳು ಭರವಸೆ ಕೊಡದೆ ತಿಳಿಸು.

ನಿನ್ನ ಪ್ರಶ್ನಾವಳಿಯ ಕನ್ನಡ ಕರಡನ್ನು ಸಮಿತಿಗೆ ಕೊಡುವ ಮೊದಲು ನನಗೊಂದು ಪ್ರತಿ ಕಳುಹಿಸು. ಕಲಬುರಗಿ ಕಡೆಯವರಿಗೂ ಮಂಗಳೂರು ಕಡೆಯವರಿಗೂ ಒಂದೇ ರೀತಿ ಅರ್ಥವಾಗುತ್ತದೆಯೇ ಎಂದು ಆ ಕಡೆಯ ನನ್ನ ಹಳೆಯ ಸಹೋದ್ಯೋಗಿಗಳಿಂದ ಓದಿಸಿ ತಿದ್ದಿಕೊಡುತ್ತೇನೆ. ಮೊದಲ ಇಪ್ಪತ್ತು ಫೈಲುಗಳಲ್ಲಿ ಎಷ್ಟು ಜನರ ವಿಳಾಸ ಇಂದಿಗೂ ಸಿಗುತ್ತದೆಂದು ಈ ವಾರವೇ ನೋಡಿ ಬರೆ. ಅದರ ಮೇಲೆ ನಿನಗೆ ಎಷ್ಟು ಕಾಲ ಬೇಕಾದೀತೆಂದು ನಿನ್ನ ಗೈಡ್ ಅವರ ಬಳಿ ಮಾತನಾಡಬಹುದು.

ಇಂತಿ,
ನಿನ್ನ ದೊಡ್ಡಪ್ಪ