ಮಗಳಿಗೊಂದು ಪತ್ರ: ಸ್ಪಿರಿಟ್ ದೀಪ ಹಚ್ಚುವ ಮೊದಲು

ಪುಟ್ಟಿ,

ಸೋಮವಾರ ಹೈಸ್ಕೂಲಿಗೆ ಹೋಗಿ ಡ್ಯೂಟಿ ರಿಪೋರ್ಟ್ ಮಾಡಿಕೊಳ್ಳುತ್ತೀಯ. ನಿನ್ನೆ ಫೋನಿನಲ್ಲಿ ನನ್ನ ದನಿ ಏರಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಊರು ದೂರ ಅನ್ನೋದು ನನ್ನ ಚಿಂತೆಯಲ್ಲ. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಟೀಚರ್ ಅಂದರೆ ಬಹಳ ಶಾಲೆಗಳಲ್ಲಿ ಬರೀ ಜೀವಶಾಸ್ತ್ರ ಅಲ್ಲ. ಪಿಸಿಎಂನವರು (ಭೌತ, ರಸಾಯನ, ಗಣಿತ ಓದಿದವರು) ಗಣಿತ ಹಿಡಿದರೆ ವಿಜ್ಞಾನ ಪೂರ್ತಿ ನಿನ್ನ ಪಾಲಿಗೆ, ಭೌತಶಾಸ್ತ್ರದ ಓಮ್‌ನ ನಿಯಮವೂ ಸೇರಿ. ಅದನ್ನು ನೀನು ಓದಿಕೊಂಡು ನಿಭಾಯಿಸುತ್ತೀಯ. ನನಗೆ ಭಯ ಇರೋದು ಸ್ಪಿರಿಟ್ ದೀಪದ್ದು.

ಹತ್ತನೇ ತರಗತಿಯ 'ಜೀವಕ್ರಿಯೆಗಳು' ಪಾಠದಲ್ಲಿ ಎಲೆಯ ಪಿಷ್ಟ ಪರೀಕ್ಷೆ ಇದೆಯಲ್ಲ, ಅಲ್ಲೇ ಅನಾಹುತ ಆಗೋದು. ಎಲೆಯನ್ನು ಮೊದಲು ನೀರಿನಲ್ಲಿ ಕೆಲವು ನಿಮಿಷ ಕುದಿಸು. ಆಮೇಲೆ ದೀಪ ಆರಿಸಿಬಿಡು. ಹೌದು, ಆರಿಸಿಯೇ ಆಲ್ಕೋಹಾಲ್ ಬಾಟಲಿಯ ಮುಚ್ಚಳ ತೆಗಿ. ಆಲ್ಕೋಹಾಲ್ ಕುದಿಯೋದು 78 ಡಿಗ್ರಿಗೆ, ನೀರು 100ಕ್ಕೆ. ಆಗ ತಾನೇ ಕುದಿದ ನೀರಿನ ಬೀಕರಿನಲ್ಲಿ ಆಲ್ಕೋಹಾಲಿನ ಪ್ರನಾಳ ನಿಲ್ಲಿಸಿದರೆ ಆ ಬಿಸಿಯೇ ಸಾಕು, ಪತ್ರಹರಿತ್ತು ಕರಗಿ ಎಲೆ ಬಿಳಿಚಿಕೊಳ್ಳುತ್ತೆ. ನೀರು ಆರಿದರೆ ಬಿಸಿನೀರು ಬದಲಿಸು, ಪಕ್ಕದಲ್ಲಿ ದೀಪ ಹಚ್ಚಬೇಡ. ಆಲ್ಕೋಹಾಲ್ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಿದುಕೊಂಡು ಹೋಗಿ ಉರಿ ಹುಡುಕುತ್ತೆ.

ಉರಿಯುವ ದೀಪಕ್ಕೆ ಸ್ಪಿರಿಟ್ ಸುರಿಯೋದಂತೂ ಯಾವತ್ತೂ ಬೇಡ. ಬುರುಡೆಯಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡ. ಊದಿ ಆರಿಸಬೇಡ, ಮುಚ್ಚಳ ಮುಚ್ಚು. ಬಿಸಿಲಿನಲ್ಲಿ ಆ ಜ್ವಾಲೆ ಕಣ್ಣಿಗೆ ಕಾಣೋದೇ ಇಲ್ಲ, ಹುಡುಗರು ಆರಿದೆ ಅಂತ ಕೈ ಚಾಚುತ್ತಾರೆ. ವೇಲ್ ಹಿಂದಕ್ಕೆ ಕಟ್ಟಿಸು, ಜಡೆ ಸಿಕ್ಕಿಸು, ಒಂದು ಬಕೆಟ್ ಮರಳು ಮತ್ತು ಒದ್ದೆ ಗೋಣಿಚೀಲ ಕೈಗೆ ಸಿಗುವಂತಿರಲಿ. ಇದನ್ನೆಲ್ಲ ಬಿಎಡ್‌ನಲ್ಲಿ ಕೇಳಿದ್ದೀಯ, ಗೊತ್ತು. ಆದರೂ ಇನ್ನೊಮ್ಮೆ ಹೇಳ್ತೀನಿ: ಆಲ್ಕೋಹಾಲ್ ತೆರೆದಾಗ ಕೋಣೆಯಲ್ಲಿ ಎಲ್ಲೂ ಬೆಂಕಿ ಇರಬಾರದು.

ಇನ್ನು ಅಯೋಡಿನ್ ಹಾಕಿದಾಗ ಪಿಷ್ಟ ಇರುವ ಕಡೆ ಬರಬೇಕಾದ ನೀಲಿ ಬರಲಿಲ್ಲ ಅಂತ ಗಾಬರಿಯಾಗಬೇಡ. ಆಲ್ಕೋಹಾಲಿನಿಂದ ತೆಗೆದ ಎಲೆ ಹಪ್ಪಳದ ಹಾಗೆ ಮುರಿಯುತ್ತೆ. ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಅಯೋಡಿನ್ ಹಾಕು. ಬಿಸಿ ಎಲೆಯಲ್ಲಿ ನೀಲಿ ನಿಲ್ಲಲ್ಲ. ಅಯೋಡಿನ್ ಬರೀ ನೀರಿಗೆ ಕರಗಲ್ಲ: 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು ಸ್ವಲ್ಪ ನೀರಲ್ಲಿ ಕರಗಿಸಿ, 1 ಗ್ರಾಂ ಅಯೋಡಿನ್ ಸೇರಿಸಿ, 100 ಮಿಲಿಗೆ ತುಂಬಿಸು. ಎಲೆಗೆ ಹಾಕುವಾಗ ಹತ್ತು ಪಟ್ಟು ತೆಳ್ಳಗೆ ಮಾಡು. ಗಟ್ಟಿಯಿದ್ದರೆ ಕಂದು ಬಣ್ಣವೇ ಎಲ್ಲವನ್ನೂ ಮುಚ್ಚುತ್ತೆ. ಈರುಳ್ಳಿ ಎಲೆ ಮಾತ್ರ ಬೇಡ, ಅದರಲ್ಲಿ ಪಿಷ್ಟ ಶೇಖರವಾಗಲ್ಲ.

ಸಂತಾನೋತ್ಪತ್ತಿ ಪಾಠವನ್ನು 'ಮನೇಲಿ ಓದ್ಕೊಳ್ಳಿ' ಅಂತ ಹಾರಿಸಬೇಡ. ನೀನು ಹಾರಿಸಲ್ಲ, ಆ ಧೈರ್ಯ ನಿನ್ನಲ್ಲಿರೋದು ನನಗೆ ಹೆಮ್ಮೆ.

ಪಿಷ್ಟ ಪರೀಕ್ಷೆಗೆ ಎಲೆ ಕೊಡುವ ಮನಿಪ್ಲಾಂಟ್ ಕುಂಡಕ್ಕೆ ಮೊದಲಿದ್ದ ಪಿಷ್ಟ ಖಾಲಿಯಾಗಲು ಮೂರು ದಿನ ಕತ್ತಲು, ಆಮೇಲೆ ಆರು ಗಂಟೆ ಬಿಸಿಲು ಬೇಕು. ಗುರುವಾರ ಪ್ರಯೋಗ ಇದ್ದರೆ ಭಾನುವಾರ ಸಂಜೆಯೇ ಕತ್ತಲಲ್ಲಿಡಬೇಕು, ಪೀರಿಯಡ್ ಮಧ್ಯಾಹ್ನದ ಮೇಲೆ ಕೇಳಿಕೋ. ತಲುಪಿದ ಕೂಡಲೇ ಫೋನ್ ಮಾಡು.

ಇಂತಿ,
ಅಮ್ಮ