ಏಳು ದಿನಗಳ ಓಟ, ಒಂದು ಮರದ ಹುಲಿ

ಪ್ರಿಯ ಗೆಳೆಯ,

ಬರೀ ಫೋಟೊಗಳು ಬರುತ್ತಿವೆ, ಜೊತೆಗೆ ಒಂದು ಮಾತೂ ಇಲ್ಲವೆಂದು ನೀನು ಆಕ್ಷೇಪಿಸಿದ್ದು ನ್ಯಾಯವಾಗಿಯೇ ಇದೆ. ನಿಜ ಹೇಳಬೇಕೆಂದರೆ ಲಂಡನ್ನಿನಲ್ಲಿ ಕಳೆದ ಆ ಏಳು ದಿನ ಫೋಟೊ ತೆಗೆಯುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಲು ನಾನು ನನಗೇ ಬಿಡುವು ಕೊಟ್ಟಿರಲಿಲ್ಲ. ಈಗ ಎಡಿನ್‌ಬರೋದ ಹಾಸ್ಟೆಲ್ ಕೋಣೆಯಲ್ಲಿ, ಹಿಮ್ಮಡಿಯ ಬೊಬ್ಬೆಗಳಿಗೆ ಪಟ್ಟಿ ಅಂಟಿಸಿಕೊಂಡು ಕುಳಿತು, ಕಂಡದ್ದರಲ್ಲಿ ಏನು ಉಳಿದಿದೆಯೆಂದು ಲೆಕ್ಕ ಹಾಕುತ್ತಿದ್ದೇನೆ. ಸೋಮವಾರ ತರಗತಿಗಳು ಆರಂಭವಾಗುತ್ತವೆ. ಆಮೇಲೆ ಇಷ್ಟು ಉದ್ದದ ಪತ್ರ ಬರೆಯಲಾಗುತ್ತದೆಯೋ ಇಲ್ಲವೋ.

ವಿದ್ಯಾರ್ಥಿ ವೀಸಾದಲ್ಲಿ ಬರುವವರು ದೀರ್ಘಾವಧಿಯ ಕೋರ್ಸ್ ಶುರುವಾಗುವುದಕ್ಕೆ ಒಂದು ತಿಂಗಳು ಮೊದಲೇ ಈ ದೇಶವನ್ನು ಪ್ರವೇಶಿಸಬಹುದು. ಆ ತಿಂಗಳಲ್ಲಿ ಒಂದು ವಾರವನ್ನು ಲಂಡನ್ನಿಗೆ ಇಟ್ಟುಕೊಂಡೆ. ಸಾಲ ಮಾಡಿ ಓದಲು ಬಂದವನಿಗೆ ಪ್ರತಿ ಪೌಂಡನ್ನೂ ನೂರಕ್ಕೂ ಮೇಲಿನ ಅಂಕೆಯಿಂದ ಗುಣಿಸಿ ನೋಡುವ ಚಾಳಿ ತಾನಾಗಿಯೇ ಅಂಟಿಕೊಳ್ಳುತ್ತದೆ. ಹೀಗೆ ಗುಣಿಸಿದ ಮೇಲೆ ಸುಮ್ಮನೆ ಕುಳಿತ ಒಂದು ಗಂಟೆಯೂ ನಷ್ಟವೆನ್ನಿಸಿ, ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಹತ್ತರವರೆಗೆ ನಡೆದದ್ದೇ ನಡೆದದ್ದು. ಟವರ್ ಬ್ರಿಜ್, ಸೇಂಟ್ ಪಾಲ್ಸ್, ಟ್ರಫಾಲ್ಗರ್ ಚೌಕಗಳನ್ನು ಒಂದೇ ದಿನದಲ್ಲಿ ಮುಗಿಸಿದೆ. ಮುಗಿಸಿದೆ ಎಂಬ ಪದವೇ ಸರಿ, ನೋಡಿದೆ ಎನ್ನಲಾರೆ. 1863ರಲ್ಲಿ ಆರಂಭವಾದ ಸುರಂಗ ರೈಲಿನಲ್ಲಿ ನಿಂತು ನಿದ್ದೆ ಮಾಡಲು ಕಲಿತೆ.

ಮೂರನೆಯ ದಿನ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಿದೆ. ನದಿಯ ಆಚೆಗೆ ಬ್ರಿಟಿಷ್ ಸಂಸತ್ತು. ಅಲ್ಲೊಂದು ಬೆಂಚಿನ ಮೇಲೆ ಕುಳಿತು ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದೆ. ಆ ವಾರದಲ್ಲಿ ಅವಸರವಿಲ್ಲದೆ ಮಾಡಿದ ಮೊದಲ ಊಟ ಅದು.

ಗ್ರೀನಿಚ್‌ನ ಖಗೋಳ ವೀಕ್ಷಣಾಲಯದಲ್ಲಿ ಮಾತ್ರ ನನ್ನ ಓಟಕ್ಕೆ ಬೇರೆಯೇ ಕಾರಣವಿತ್ತು. ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ, ಓದಲು ಹೊರಟವನು ಸೊನ್ನೆ ರೇಖಾಂಶದ ಮೇಲೆ ಕಾಲಿಡದೆ ಹೋದರೆ ಹೇಗೆ? ಹಣ ಕೊಟ್ಟು ಒಳಹೊಕ್ಕ ಕೆಲವೇ ಜಾಗಗಳಲ್ಲಿ ಆ ವೀಕ್ಷಣಾಲಯವೂ ಒಂದು. ಅಂಗಳದ ರೇಖೆಯ ಎರಡೂ ಬದಿಗೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವವರ ಸಾಲಿನಲ್ಲಿ ನಿಂತು ಮೊಬೈಲ್ ತೆರೆದರೆ, ಅದು ಸೊನ್ನೆಯನ್ನು ತೋರಿಸಲಿಲ್ಲ. ಉಪಗ್ರಹಗಳ ಲೆಕ್ಕದ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕೆ, ಉದ್ಯಾನದಲ್ಲಿದೆ. ಅಂಗಳದ ರೇಖೆ ಜಾರ್ಜ್ ಏರಿ ಎಂಬ ಖಗೋಳಜ್ಞನ ದೂರದರ್ಶಕದ್ದು, ಅದಕ್ಕೆ ಅವನು ಲಂಬದಿಕ್ಕನ್ನು ಗೊತ್ತುಮಾಡಿದ್ದು ಪಾದರಸದ ಸಮತಲವನ್ನು ನೋಡಿ. ಆದರೆ ಆ ಸ್ಥಳದ ಗುರುತ್ವ ಭೂಮಿಯ ಕೇಂದ್ರದತ್ತ ನೇರವಾಗಿ ಎಳೆಯದೆ ಕೊಂಚ ವಾಲಿ ಎಳೆಯುತ್ತದೆ. ಉಪಗ್ರಹಗಳು ಲೆಕ್ಕವಿಡುವುದು ಭೂಮಿಯ ದ್ರವ್ಯರಾಶಿಯ ಕೇಂದ್ರದಿಂದ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಮ್ಮೇಳನ ಒಪ್ಪಿದ ರೇಖೆಗೂ ನನ್ನ ಜೇಬಿನ ರೇಖೆಗೂ ಇರುವ ಅಂತರವನ್ನು ಹೆಜ್ಜೆಹಾಕಿ ಅಳೆದೆ. ನೀನು ತಡವಾಗಿ ಬಂದಾಗಲೆಲ್ಲ ನೆಪ ಹೇಳುವುದಕ್ಕೆ ಇನ್ನೊಂದು ಲೆಕ್ಕವೂ ಸಿಕ್ಕಿತು: ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಮೈಸೂರು ಇರುವುದು 76.65ರ ಆಸುಪಾಸಿನಲ್ಲಿ, ಆದ್ದರಿಂದ ನಿನ್ನ ಸೂರ್ಯ ಗಡಿಯಾರಕ್ಕಿಂತ ಸರಾಸರಿ 23 ನಿಮಿಷ ಹಿಂದೆ.

ಇನ್ನು ಹುಲಿಯ ವಿಷಯ. ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ನಾನು ಇಟ್ಟುಕೊಂಡಿದ್ದ ಅವಧಿ ಒಂದು ಗಂಟೆ. ಪ್ರವೇಶ ಉಚಿತ, ಹಾಗಾಗಿ ನಷ್ಟದ ಭಯವೂ ಇರಲಿಲ್ಲ. ಟಿಪ್ಪುವಿನ ಹುಲಿ ಅಲ್ಲಿದೆಯೆಂದು ಪಠ್ಯಪುಸ್ತಕದ ಕಾಲದಿಂದಲೂ ಗೊತ್ತಿತ್ತು. ಅದು ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಆಳೆತ್ತರದ ಬಿಳಿಯ ಸೈನಿಕನೊಬ್ಬ ಬೆನ್ನಡಿಯಾಗಿ ಬಿದ್ದಿದ್ದಾನೆ, ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ, ಅದರ ಪಕ್ಕೆಯಲ್ಲಿ ಒಂದು ಹಿಡಿಕೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳಿಂದ ಗಾಳಿ ಹೊರಟು ಹುಲಿ ಗುರುಗುಟ್ಟುತ್ತದೆ, ಸೈನಿಕ ನರಳುತ್ತ ಕೈಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಾನೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇದನ್ನು ಸಾಗಿಸಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಅಲ್ಲಿಗೆ ಬಂದ ಜನ ಹಿಡಿಕೆ ತಿರುಗಿಸಿ ಮೋಜು ನೋಡುತ್ತಿದ್ದರಂತೆ. ಈಗ ಅದು ಗಾಜಿನೊಳಗೆ ಮೌನವಾಗಿದೆ.

ಅಲ್ಲಿ ಎಷ್ಟು ಹೊತ್ತು ನಿಂತೆನೋ ತಿಳಿಯದು. ಆ ಮಧ್ಯಾಹ್ನದ ಉಳಿದ ಎರಡು ಸ್ಥಳಗಳು ಪಟ್ಟಿಯಿಂದ ಬಿದ್ದುಹೋದವು. ಹಿಂದಿನ ದಿನವಷ್ಟೇ ಬ್ರಿಟಿಷ್ ಮ್ಯೂಸಿಯಂನ ನೂಕುನುಗ್ಗಲಿನಲ್ಲಿ ನೋಡಿದ್ದ ರೊಸೆಟ್ಟಾ ಕಲ್ಲು, ಪ್ರಾಚೀನ ಈಜಿಪ್ಟಿನ ಲಿಪಿಯನ್ನು ಬಿಡಿಸಲು ನೆರವಾದ ಶಾಸನ, ಸಿಕ್ಕಿದ್ದೂ ಅದೇ 1799ರಲ್ಲಿ, ಈಜಿಪ್ಟಿನಲ್ಲಿದ್ದ ನೆಪೋಲಿಯನ್ನನ ಸೈನಿಕರಿಗೆ. ಟಿಪ್ಪುವಿಗೆ ನೆಪೋಲಿಯನ್ ಪತ್ರ ಬರೆದದ್ದೂ ಆ ಈಜಿಪ್ಟಿನಿಂದಲೇ. ಪತ್ರ ತಲುಪಲಿಲ್ಲ, ಕಲ್ಲು, ಹುಲಿ ಎರಡೂ ಲಂಡನ್ನಿಗೆ ತಲುಪಿದವು. ನನಗೆ ಕೋಪ ಬಂತೇ ಎಂದು ನೀನು ಕೇಳುತ್ತೀಯೆ. ಕೋಪಕ್ಕಿಂತ, ಮಗ್ಗುಲಲ್ಲಿದ್ದ ಶಾಲಾ ಮಕ್ಕಳಿಗೆ ಈ ಹುಲಿಯ ಊರು ನನ್ನ ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಎಂದು ಹೇಳಿಬಿಡಬೇಕೆಂಬ ಆಸೆಯಾಯಿತು. ಹೇಳಲಿಲ್ಲ.

ಕಿಂಗ್ಸ್ ಕ್ರಾಸಿನಿಂದ ಇಲ್ಲಿಗೆ ರೈಲಿನಲ್ಲಿ ಸುಮಾರು ನಾಲ್ಕೂವರೆ ಗಂಟೆ. ಎಂದಾದರೂ ಬಂದರೆ ಬಲಬದಿಯ ಕಿಟಕಿ ಹಿಡಿ, ನ್ಯೂಕ್ಯಾಸಲ್ ದಾಟಿದ ಮೇಲೆ ಸಮುದ್ರ ಕಾಣಿಸುತ್ತದೆ. ಇಲ್ಲಿ ಭಾನುವಾರ ಬಿಟ್ಟು ಮಿಕ್ಕ ದಿನ ಮಧ್ಯಾಹ್ನ ಒಂದಕ್ಕೆ ಕೋಟೆಯಿಂದ ಫಿರಂಗಿ ಹಾರಿಸುತ್ತಾರೆ. ಮೊದಲ ದಿನ ಬೆಚ್ಚಿಬಿದ್ದೆ. ಈ ನಾಡಿಗೂ ನಮ್ಮ ಶ್ರೀರಂಗಪಟ್ಟಣದ ನಂಟಿದೆ. ಅಂತಿಮ ದಾಳಿಯನ್ನು ಮುನ್ನಡೆಸಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ದರಿಯಾ ದೌಲತ್ತಿನ ಗೋಡೆಯ ಮೇಲೆ ನಾವಿಬ್ಬರೂ ನೋಡಿದ್ದೆವಲ್ಲ, 1780ರ ಪೊಲ್ಲಿಲೂರು ಕದನ, ಅದರಲ್ಲಿ ಸೆರೆಸಿಕ್ಕು ಪಟ್ಟಣದ ಸೆರೆಮನೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕೊಳೆತವನು ಇವನೇ. ಟಿಪ್ಪುವಿನ ದೇಹವನ್ನು ಬೇರ್ಡ್ ಕಂಡುಹಿಡಿಯುವ ದೃಶ್ಯವನ್ನು ಚಿತ್ರಕಾರ ಡೇವಿಡ್ ವಿಲ್ಕಿ ಬರೆದಿದ್ದಾನೆ. ಆ ದೊಡ್ಡ ಚಿತ್ರ ಇಲ್ಲಿನ ರಾಷ್ಟ್ರೀಯ ಸಂಗ್ರಹಕ್ಕೆ ಸೇರಿದ್ದು. ಅದನ್ನು ನೋಡಲು ಈ ವಾರ ಓಡುವುದಿಲ್ಲ. ನನ್ನ ಬಳಿ ಒಂದು ವರ್ಷವಿದೆ.

ನಿನ್ನಿಂದ ಒಂದು ಉಪಕಾರವಾಗಬೇಕು. ಹುಲಿ ಲಂಡನ್ನಿನಲ್ಲಿದೆ, ಸಿಂಹಾಸನದ ಹುಲಿಮುಖ ವಿಂಡ್ಸರಿನಲ್ಲಿದೆ, ಟಿಪ್ಪುವಿನ ಡೇರೆ ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಇವೆಲ್ಲವನ್ನೂ ಪಟ್ಟಣಕ್ಕೆ ಗೆರೆಯೆಳೆದು ಜೋಡಿಸುವ ಒಂದು ನಕ್ಷೆಯನ್ನು ನನ್ನ ಮೊದಲ ಅಭ್ಯಾಸವಾಗಿ ಮಾಡಬೇಕೆಂದಿದ್ದೇನೆ. ಈ ಭಾನುವಾರ ಬಿಡುವಾದರೆ ಟಿಪ್ಪುವಿನ ದೇಹ ಸಿಕ್ಕಿದ ಜಾಗದ ಕಲ್ಲಿನ ಬಳಿ ನಿಂತು, ಮೊಬೈಲಿನಲ್ಲಿ ಕಾಣುವ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಐದನೆಯ ಸ್ಥಾನದವರೆಗೂ ಬರೆದು ಕಳುಹಿಸು. ಫೋಟೊ ಬೇಡ.

ನಿನ್ನ ಗೆಳೆಯ